ಆಫೀಸಿಗೆ ಏನು ಹಾಕಿಕೊಂಡು ಹೋಗೋದು?

ಪ್ರಥಮ ಪಿಯುಸಿ ಪರೀಕ್ಷೆ ಮುಗಿದು, ಈದ್ ಕೂಡ ಆಗಿತ್ತು. ಒಂದು ಮಧ್ಯಾಹ್ನ ನನಗೆ ಒಂದು ಕಚೇರಿಯಿಂದ ಫೋನ್ ಬಂತು. ರಜೆಯಲ್ಲಿ ಟ್ಯಾಲಿ ಕೆಲಸಕ್ಕೆ ಹೋಗುವವರು ಹೆಸರು ಕೊಡಿ ಎಂದು ನಮ್ಮ ಅಕೌಂಟೆನ್ಸಿ ಮೇಡಂ ಕ್ಲಾಸಿನಲ್ಲಿ ಕೇಳಿದ್ದರು, ನಾನು ಕೊಟ್ಟಿದ್ದೆ. ಎರಡು ತಿಂಗಳ ಕೆಲಸ, ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವುದು, ತಿಂಗಳಿಗೆ 4,500 ರೂಪಾಯಿ. ನಾಳೆ ಹನ್ನೊಂದು ಗಂಟೆಗೆ ಬಂದು ಮಾತಾಡಿ ಎಂದರು. ಫೋನ್ ಇಟ್ಟು ಕುಣಿಯುತ್ತಾ ಅಡುಗೆಮನೆಗೆ ಹೋದೆ. ಅಮ್ಮಿ ಒಗ್ಗರಣೆ ಹಾಕುತ್ತಿದ್ದರು. ಎಷ್ಟು ಸಂಬಳ, ಎಲ್ಲಿ ಆಫೀಸು ಎಂದು ಏನೂ ಕೇಳಲಿಲ್ಲ. ತಿರುಗಿ ನೋಡದೆಯೇ ಒಂದೇ ಮಾತು ಕೇಳಿದರು: "ಕ್ಯಾ ಪೆಹೆನ್‌ಕೊ ಜಾತಿ?" ಏನು ಹಾಕಿಕೊಂಡು ಹೋಗುತ್ತೀಯ?

ಆಗ ನನಗೆ ಅದು ಸಣ್ಣ ಪ್ರಶ್ನೆ ಅನ್ನಿಸಿತು. ಎರಡು ತಿಂಗಳು ಕೆಲಸ ಮಾಡಿ ಬಂದ ಮೇಲೆ ಹಾಗೆ ಅನ್ನಿಸುತ್ತಿಲ್ಲ. ನಮ್ಮ ಕಾಲೇಜಿನಿಂದ ಮುಂದಿನ ವರ್ಷ ಕೆಲಸಕ್ಕೆ ಹೋಗುವವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಈ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಾರನೆಯ ದಿನ ಅಮ್ಮಿಯ ಸಲಹೆಯಂತೆ ಈದ್‌ಗೆ ಹೊಲಿಸಿದ ಡ್ರೆಸ್ ಹಾಕಿಕೊಂಡೆ. ಮನೆಯಲ್ಲಿದ್ದ ಒಳ್ಳೆಯ ಬಟ್ಟೆ ಅದೊಂದೇ. ತೋಳಿಗೂ ಅಂಚಿಗೂ ಜರಿ ಕೆಲಸ. ಮೇಲೆ ಕಪ್ಪು ಬುರ್ಖಾ, ತಲೆಗೆ ಸ್ಕಾರ್ಫ್. ಅದು ಗಾಡಿ ಸಾಲ ಕೊಡುವ ಒಂದು ಕಚೇರಿ. ಮ್ಯಾನೇಜರ್ ನನ್ನ ಮುಂದೆ ಹತ್ತು ಬಿಲ್ ಇಟ್ಟರು. ಎಂಟ್ರಿ ಮಾಡಿ ತೋರಿಸಿದೆ. ಒಂದು ಕಡೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬದಲು ಐಜಿಎಸ್‌ಟಿ ಹಾಕಿದ್ದೆ, ನಾನೇ ಕಂಡುಕೊಂಡು ತಿದ್ದಿದೆ. ಅವರಿಗೆ ಖುಷಿಯಾಯಿತು. ಆಮೇಲೆ ಧ್ವನಿ ಇಳಿಸಿ ಹೇಳಿದರು: "ಕೆಲಸ ಚೆನ್ನಾಗಿ ಬರುತ್ತಮ್ಮ ನಿಂಗೆ. ಒಂದೇ ವಿಷಯ. ಇಲ್ಲಿ ಕಸ್ಟಮರ್ ಬಂದು ಹೋಗ್ತಾ ಇರ್ತಾರೆ. ಬುರ್ಖಾ ಒಳಗೆ ಬೇಡ. ತಲೆ ಮೇಲಿಂದೂ ತೆಗೆದು ಕೂತರೆ ಒಳ್ಳೇದು. ನನಗೇನೂ ಇಲ್ಲ, ಬರೋ ಜನ ಏನಾದ್ರೂ ಅಂತಾರೆ."

ಅವರು ಗದರಿಸಲಿಲ್ಲ, ಅವಮಾನ ಮಾಡಲಿಲ್ಲ. ಚಹಾ ಕೂಡ ತರಿಸಿದರು. "ಮನೇಲಿ ಕೇಳಿ ಹೇಳ್ತೀನಿ ಸಾರ್" ಎಂದು ಎದ್ದು ಬಂದೆ. ಹೊರಗೆ ಬರುವಾಗ ಬೆಂಚಿನ ಮೇಲೆ ಕಂತು ಕಟ್ಟಲು ಕುಳಿತಿದ್ದವರನ್ನು ನೋಡಿದೆ. ಆರು ಜನರಲ್ಲಿ ಮೂವರು ಬುರ್ಖಾ ಹಾಕಿದ ಹೆಂಗಸರು. ಹಣ ಕಟ್ಟಲು ಬಂದರೆ ಬುರ್ಖಾ ಯಾರಿಗೂ ತೊಂದರೆಯಲ್ಲ. ಅದೇ ಹಣದ ಲೆಕ್ಕ ಬರೆಯಲು ಕುಳಿತರೆ ತೊಂದರೆ. "ಬರೋ ಜನ" ಎಂದು ಅವರು ಹೇಳಿದ್ದು ಯಾರನ್ನು ಎಂದು ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ.

ಮನೆಯಲ್ಲಿ ವಿಷಯ ತಿಳಿದ ಮೇಲೆ ಅಮ್ಮಿ "ನಕೋ" ಎಂದು ಒಂದೇ ಮಾತಿಗೆ ಮುಗಿಸಿಬಿಟ್ಟರು. ಬೇಡವೆಂದರೆ ಆ ಕಚೇರಿ ಮಾತ್ರವಲ್ಲ, ಯಾವ ಕಚೇರಿಯೂ ಬೇಡ. ಅಬ್ಬಾ ಮಂಡಕ್ಕಿ ಭಟ್ಟಿಯಿಂದ ಬಂದು ಸ್ನಾನ ಮಾಡಿ ಕುಳಿತಿದ್ದರು, ಸುಮ್ಮನಿದ್ದರು. ನನಗೆ ಅಳು ಬಂತು. ನನಗೆ ಪಿಯುಸಿ ಮುಗಿಸಿ ಸಿಎ ಫೌಂಡೇಶನ್ ಬರೆಯುವ ಆಸೆ. ಅದಕ್ಕೆ ಹಣ ಬೇಕು. ಹಣ ಹೇಗೋ ಹೊಂದಿಸಿದರೂ, ಇಂಟರ್‌ಮೀಡಿಯೇಟ್ ಆದ ಮೇಲೆ ಎರಡು ವರ್ಷ ಆಡಿಟರ್ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಲೇಬೇಕು. ಅಂದರೆ ಎರಡು ವರ್ಷ ಕಚೇರಿ. ಈಗಲೇ "ಯಾವ ಕಚೇರಿಯೂ ಬೇಡ" ಎಂದರೆ ಸಿಎ ಎಂಬ ಮಾತು ಅಲ್ಲಿಗೇ ಮುಗಿಯಿತು.

ಆಗ ಮಾತಾಡಿದ್ದು ದಾದಿ. ಅವರು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದವರು. ಕಾದ ಮರಳಿನಲ್ಲಿ ಹುರಿದ ಮಂಡಕ್ಕಿಯನ್ನು ಜರಡಿ ಹಿಡಿದು ಚೀಲ ತುಂಬುವ ಕೆಲಸ. "ನಾನು ಬುರ್ಖಾ ಹಾಕ್ಕೊಂಡು ಭಟ್ಟಿಗೆ ಹೋಗಿದ್ನಾ? ಬೆಂಕಿ ಮುಂದೆ ಅದನ್ನ ಹಾಕ್ಕೊಂಡು ನಿಲ್ಲೋಕಾಗುತ್ತಾ? ಸೀರೆ ಉಟ್ಟು, ಸೆರಗು ತಲೆ ಮೇಲೆ ಹೊದ್ದು, ಉಳಿದಿದ್ದು ಸೊಂಟಕ್ಕೆ ಸಿಗಿಸಿ ಕೆಲಸ ಮಾಡ್ತಿದ್ದೆ. ನನ್ನ ಹಯಾ ಎಲ್ಲೂ ಹೋಗ್ಲಿಲ್ಲ" ಎಂದರು. ಅಮ್ಮಿ ಏನೂ ಹೇಳಲಿಲ್ಲ.

ಅವತ್ತು ರಾತ್ರಿ ನಾನು ಗಮನಿಸದೇ ಇದ್ದ ಒಂದು ಸಂಗತಿ ಹೊಳೆಯಿತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರ ಬಟ್ಟೆ ಮೂರು ಥರ. ದಾದಿಯದು ಸೀರೆ ಮತ್ತು ಸೆರಗು. ಅಮ್ಮಿಯದು ಮದುವೆಯ ನಂತರ ಬಂದ ಕಪ್ಪು ಬುರ್ಖಾ. ನನ್ನದು ಚೂಡಿದಾರ್, ಪಿನ್ ಹಾಕಿದ ಸ್ಕಾರ್ಫ್, ಹೊರಗೆ ಹೋಗುವಾಗ ಬುರ್ಖಾ. ಮೂವರೂ ನಮಾಜ್ ಮಾಡುವವರೇ, ಮೂವರೂ ತಲೆ ಮುಚ್ಚುವವರೇ. ತಲೆ ಮುಚ್ಚಬೇಕು, ಮೈ ಮುಚ್ಚಬೇಕು ಎಂಬುದು ಮೂವರಲ್ಲೂ ಒಂದೇ. ಅದನ್ನು ಯಾವ ಬಟ್ಟೆಯಿಂದ, ಯಾವ ಬಣ್ಣದಿಂದ ಮಾಡುವುದು ಎಂಬುದು ಕಾಲಕ್ಕೆ, ಕೆಲಸಕ್ಕೆ ತಕ್ಕಂತೆ ಬದಲಾಗಿದೆ. ಬದಲಾಗದೇ ಇರುವುದು ಯಾವುದು, ಬದಲಾಗಬಹುದಾದದ್ದು ಯಾವುದು ಎಂದು ಮೊದಲು ನಾನೇ ತೀರ್ಮಾನ ಮಾಡಿಕೊಳ್ಳಬೇಕು ಎನ್ನಿಸಿತು. ಅದನ್ನು ತೀರ್ಮಾನಿಸದೆ ಕಚೇರಿಗೆ ಹೋದರೆ ಅಲ್ಲಿನವರು ತೀರ್ಮಾನಿಸುತ್ತಾರೆ. ಹೋಗದೆ ಕುಳಿತರೆ ಮನೆಯವರು ತೀರ್ಮಾನಿಸುತ್ತಾರೆ.

ಮಾರನೆಯ ದಿನ ಖಾಲಾ ಮನೆಗೆ ಹೋದೆ. ಖಾಲಾ ಮಗಳನ್ನು ನಾನು ಆಪಾ ಎಂದೇ ಕರೆಯುವುದು. 2022ರಲ್ಲಿ ನಾನು ಇನ್ನೂ ಹೈಸ್ಕೂಲಿನಲ್ಲಿದ್ದೆ, ಆಪಾ ಪಿಯುಸಿಯಲ್ಲಿದ್ದಳು, ಬೇರೊಂದು ಕಾಲೇಜಿನಲ್ಲಿ. ಆ ವರ್ಷ ಏನಾಯಿತು ಎಂದು ಇಲ್ಲಿ ಓದುವವರಿಗೆ ವಿವರಿಸಬೇಕಿಲ್ಲ. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಇದರ ಮಧ್ಯೆ ಆಪಾ ಗೇಟಿನವರೆಗೆ ಹೋಗಿ ವಾಪಸ್ ಬಂದಳು, ಪರೀಕ್ಷೆ ಬರೆಯಲಿಲ್ಲ, ಮತ್ತೆ ಹೋಗಲೇ ಇಲ್ಲ.

ನನ್ನ ಕಥೆ ಕೇಳಿ ಅವಳು "ಒಳ್ಳೇದು ಮಾಡ್ದೆ, ಬಿಟ್ಟುಬಿಡು" ಎನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಹಾಗೆ ಹೇಳಲಿಲ್ಲ. "ಅವತ್ತು ಬಿಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಬಿಟ್ಟ ಮೇಲೆ ಬೇರೆ ಯಾವ ಕಾಲೇಜಿದೆ, ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದಾ ಅಂತ ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಸಿಟ್ಟು ಮೂರು ತಿಂಗಳಿಗೆ ಇಳೀತು. ಓದು ಮಾತ್ರ ಅಲ್ಲೇ ನಿಂತೋಯ್ತು. ಒಂದು ಕಡೆ ಆಗಲ್ಲ ಅಂದ್ರೆ ಆ ದಿನವೇ ಇನ್ನೊಂದು ಕಡೆ ಕೇಳು" ಎಂದಳು. ಅವಳ ಮಗು ಎದ್ದು ಅಳತೊಡಗಿತು, ಮಾತು ಅಲ್ಲಿಗೇ ನಿಂತಿತು.

ಆ ಸಂಜೆಯೇ ಮೇಡಂಗೆ ಫೋನ್ ಮಾಡಿದೆ. ಮೊದಲ ಕಚೇರಿಗೂ ಫೋನ್ ಮಾಡಿ, "ಸಾರ್, ಸ್ಕಾರ್ಫ್ ಹಾಕ್ಕೊಂಡೇ ಕೂರೋದಾದ್ರೆ ಬರ್ತೀನಿ, ಇಲ್ಲಾಂದ್ರೆ ಆಗಲ್ಲ" ಎಂದೆ. "ನಿನ್ನಿಷ್ಟ ಅಮ್ಮಾ" ಎಂದು ಇಟ್ಟರು. ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಆದರೆ ಉತ್ತರ ಕೊಡದೆ ಮಾಯವಾಗುವುದಕ್ಕಿಂತ ಹೇಳಿದ್ದು ಒಳ್ಳೆಯದಾಯಿತು. ಕೆಲಸ ಬರುವ ಹುಡುಗಿಯೊಬ್ಬಳು ಯಾವ ಕಾರಣಕ್ಕೆ ಬರಲಿಲ್ಲ ಎಂಬುದು ಅವರಿಗೂ ಗೊತ್ತಿರಲಿ.

ಇಲ್ಲಿ ಒಂದು ಮಾತು. ಕಚೇರಿಗೆ ಬಟ್ಟೆಯ ನಿಯಮವೇ ಇರಬಾರದು ಎಂದು ನಾನು ಹೇಳುತ್ತಿಲ್ಲ. ವಕೀಲರಿಗೆ ಕಪ್ಪು ಕೋಟು, ಬಿಳಿ ಬ್ಯಾಂಡ್ ಇದೆ. ಓಡುತ್ತಿರುವ ಯಂತ್ರದ ಬಳಿ ಕೆಲಸ ಮಾಡುವವರು ಮೈಗೆ ಅಂಟಿಕೊಂಡ ಬಟ್ಟೆ ಹಾಕಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ಸಡಿಲ ಬಟ್ಟೆ ಯಂತ್ರಕ್ಕೆ ಸಿಕ್ಕಿದರೆ ಪ್ರಾಣ ಹೋಗುತ್ತದೆ. ದಾದಿ ಭಟ್ಟಿಯಲ್ಲಿ ಸೆರಗನ್ನು ಸೊಂಟಕ್ಕೆ ಸಿಗಿಸಿದ್ದೂ ಇದೇ ಬುದ್ಧಿಯಿಂದ. ಇವೆಲ್ಲಕ್ಕೂ ಕೇಳಿದರೆ ಹೇಳಬಹುದಾದ ಕಾರಣ ಇದೆ. "ಬರೋ ಜನ ಏನಾದ್ರೂ ಅಂತಾರೆ" ಎಂಬುದು ಆ ಥರದ ಕಾರಣವಲ್ಲ. ಅದು ಬೇರೆಯವರ ಹೆಸರಿನಲ್ಲಿ ಹೇಳಿದ ಸ್ವಂತ ಅನುಮಾನ.

ತಲೆ ಮುಚ್ಚಿಕೊಂಡರೆ ಕೆಲಸ ಕೆಡುತ್ತದೆ ಎನ್ನುವವರಿಗೆ ನಮ್ಮ ಅರ್ಥಶಾಸ್ತ್ರ ಪುಸ್ತಕವೇ ಉತ್ತರ. 1991ರ ಆರ್ಥಿಕ ಸುಧಾರಣೆಯ ಪಾಠವನ್ನು ನಾವೆಲ್ಲ ಓದುತ್ತೇವೆ. ಆಗಿನ ಹಣಕಾಸು ಸಚಿವರು ಡಾ. ಮನಮೋಹನ್ ಸಿಂಗ್. 1982ರಿಂದ 1985ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ನೋಟುಗಳ ಮೇಲೆ ಸಹಿ ಹಾಕಿದವರು, ಆಮೇಲೆ ಹತ್ತು ವರ್ಷ ಪ್ರಧಾನಿಯಾಗಿದ್ದವರು. ಇಷ್ಟನ್ನೂ ಪಗಡಿ ಕಟ್ಟಿಕೊಂಡೇ ಮಾಡಿದರು. ಅಷ್ಟು ದೂರ ಹೋಗುವುದೂ ಬೇಡ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನೂ, 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರನ್ನೂ ಫೋಟೋದಲ್ಲಿ ನೋಡಿ. ಇಬ್ಬರಿಗೂ ಕೋಟು, ಇಬ್ಬರ ತಲೆಗೂ ಪೇಟ. ಒಬ್ಬರು ಹಿಂದೂ, ಒಬ್ಬರು ಮುಸ್ಲಿಂ. ಕಚೇರಿಗೆ ಬರುವಾಗ ತಲೆ ಮುಚ್ಚಿಕೊಳ್ಳುವುದು ಆಗ ಮರ್ಯಾದೆಯ ಲಕ್ಷಣವಾಗಿತ್ತು.

ಇವರೆಲ್ಲ ಗಂಡಸರು ತಾನೇ ಎಂದು ನನ್ನ ಗೆಳತಿ ಕೇಳಿದಳು. ನಿಜ. ನಮ್ಮ ಓಣಿಯ ಗೌಡ್ರ ಅಜ್ಜಿ ಈಗಲೂ ತಲೆ ಮೇಲೆ ಸೆರಗು ಹೊದ್ದೇ ಬ್ಯಾಂಕಿಗೆ ಹೋಗಿ ಪಿಂಚಣಿ ತರುತ್ತಾರೆ. ಆ ಸೆರಗಿಗೂ ನನ್ನ ಸ್ಕಾರ್ಫಿಗೂ ಬಟ್ಟೆಯ ಅಳತೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ರಾಜ್ಯಶಾಸ್ತ್ರದ ಸರ್ ಬಳಿ ಕೇಳಿದೆ. ನಾನು ತಿಳಿದುಕೊಂಡದ್ದು ಇಷ್ಟು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ಕೊಡುತ್ತದೆ. ಅದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟಿದೆ. 15ನೇ ವಿಧಿಯ ಮೊದಲ ಖಂಡ ಧರ್ಮದ ಕಾರಣಕ್ಕೆ ಸರ್ಕಾರ ತಾರತಮ್ಯ ಮಾಡಬಾರದು ಎನ್ನುತ್ತದೆ, 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಇರಬೇಕೆನ್ನುತ್ತದೆ. ಇವು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುವ ಮಾತುಗಳು. ಖಾಸಗಿ ಕಚೇರಿಯ ಮಾಲೀಕನ ಎದುರು ಇವನ್ನು ನೇರವಾಗಿ ಹಿಡಿದು ನಿಲ್ಲುವುದು ಕಷ್ಟ. 2022ರ ತೀರ್ಪುಗಳು ಕೂಡ ತರಗತಿಯ ಸಮವಸ್ತ್ರದ ಬಗ್ಗೆ ಬಂದವು, ಕಚೇರಿಗಳ ಬಗ್ಗೆ ಅಲ್ಲ. ಇದನ್ನು ನಮ್ಮವರೂ ಮರೆಯುತ್ತಾರೆ, ಬೇರೆಯವರೂ ಮರೆಯುತ್ತಾರೆ. "ಕೋರ್ಟೇ ಬೇಡ ಅಂದಿದೆಯಲ್ಲ" ಎಂದು ಯಾರಾದರೂ ಕಚೇರಿಯಲ್ಲಿ ಹೇಳಿದರೆ ಅದು ಸರಿಯಲ್ಲ ಎಂದು ನಮಗೆ ಗೊತ್ತಿರಬೇಕು.

ಎರಡನೆಯ ಕಚೇರಿ ಒಬ್ಬ ತೆರಿಗೆ ಸಲಹೆಗಾರರದು. ಮಂಡಿಪೇಟೆಯ ಹತ್ತಿರ, ಮಹಡಿ ಮೇಲೆ. ಈ ಸಲ ನಾನೇ ಮೊದಲು ಕೇಳಿದೆ: "ಸಾರ್, ನಾನು ಸ್ಕಾರ್ಫ್ ಹಾಕ್ತೀನಿ. ಇಲ್ಲಿ ಬಟ್ಟೆಗೆ ಏನಾದ್ರೂ ರೂಲ್ಸ್ ಇದೆಯಾ?" ವಯಸ್ಸಾದ ಅವರು ಕನ್ನಡಕದ ಮೇಲಿಂದ ನೋಡಿ, "ಜಿಎಸ್‌ಟಿಆರ್-1 ಯಾವ ತಾರೀಖಿನ ಒಳಗೆ ಹಾಕ್ಬೇಕು?" ಎಂದರು. "ಮುಂದಿನ ತಿಂಗಳು 11" ಎಂದೆ. "3ಬಿ?" "20." "ಹತ್ತು ಗಂಟೆಗೆ ಬಾ. ಆ ತಾರೀಖುಗಳು ತಪ್ಪಿದರೆ ಬೈತೀನಿ. ಬಟ್ಟೆ ನೀಟಾಗಿರ್ಲಿ, ಸಾಕು" ಎಂದರು. ಅಲ್ಲಿನ ಹಿರಿಯ ಗುಮಾಸ್ತರು ದಿನವೂ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಾರೆ. ಮೂಲೆಯ ಟೇಬಲ್ಲಿನ ಅಕ್ಕ ಮಲ್ಲಿಗೆ ಮುಡಿದು ಬರುತ್ತಾರೆ. ಅವರ ಪಕ್ಕ ನಾನು ಸ್ಕಾರ್ಫ್ ಹಾಕಿ ಕುಳಿತೆ. ಎರಡು ತಿಂಗಳಲ್ಲಿ ಯಾವ ಕಕ್ಷಿದಾರರೂ ಏನೂ ಅನ್ನಲಿಲ್ಲ. ಅವರಿಗೆ ಬೇಕಾಗಿದ್ದು ರಿಟರ್ನ್ ಸರಿಯಾದ ದಿನಕ್ಕೆ ಹೋಯಿತೇ ಎಂಬುದಷ್ಟೇ.

ಹಾಗೆಂದು ಎಲ್ಲವೂ ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರ ಬುರ್ಖಾ ಹಾಕಿಕೊಂಡೇ ಕುಳಿತೆ. ಏಪ್ರಿಲ್ ಬಿಸಿಲು, ಮಹಡಿಯ ಮೇಲಿನ ಕೋಣೆ, ಮಧ್ಯಾಹ್ನ ಕರೆಂಟ್ ಹೋದರೆ ಫ್ಯಾನೂ ಇಲ್ಲ. ಹಳೆಯ ಫೈಲು ತೆಗೆಯಲು ಸ್ಟೂಲ್ ಹತ್ತಿದರೆ ಬುರ್ಖಾದ ಅಂಚು ಕಾಲಿಗೆ ತೊಡರುತ್ತಿತ್ತು. ಒಂದು ದಿನ ಕುರ್ಚಿಯ ಗಾಲಿಗೆ ಸಿಕ್ಕಿ ಹರಿಯಿತು, ನಾನು ಬೀಳುವುದರಲ್ಲಿದ್ದೆ. ಸ್ಕಾರ್ಫಿನ ತುದಿ ಮುಂದೆ ಜಾರಿ ಸ್ಟ್ಯಾಂಪ್ ಪ್ಯಾಡಿನ ಶಾಯಿ ಮೆತ್ತಿಕೊಂಡಿತು. ಯಾರೂ ಹೇಳದಿದ್ದರೂ ಇದು ಈ ಕೆಲಸಕ್ಕೆ ಒಗ್ಗುತ್ತಿಲ್ಲ ಎಂದು ನನಗೇ ಗೊತ್ತಾಯಿತು.

ಮನೆಯಲ್ಲಿ ಮತ್ತೆ ಮಾತು. ಬಸ್ಸಿನಲ್ಲಿ ಬುರ್ಖಾ ಹಾಕುತ್ತೇನೆ, ಕಚೇರಿಯಲ್ಲಿ ತೆಗೆದು ಮೊಣಕಾಲಿನ ಕೆಳಗೆ ಬರುವ ಸಡಿಲ ಕುರ್ತಾ, ಪ್ಯಾಂಟು, ಪಿನ್ ಹಾಕಿದ ಸ್ಕಾರ್ಫಿನಲ್ಲಿ ಕೂರುತ್ತೇನೆ ಎಂದೆ. "ಹೊರಗೆ ಒಂದು, ಒಳಗೆ ಒಂದು ಯಾಕೆ? ಅವರು ಹೇಳಿದ್ರೆ ತೆಗೆಯಲ್ಲ, ನೀನಾಗಿ ತೆಗೀತೀಯಾ?" ಎಂದು ಅಮ್ಮಿ ಕೇಳಿದರು. ಒಳ್ಳೆಯ ಪ್ರಶ್ನೆಯೇ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿ ಹೇಳಿದೆ: "ಅಮ್ಮಿ, ಅವರು ಕೇಳಿದ್ದು ತಲೆ ಬಿಚ್ಚು ಅಂತ, ಅದೂ ನೋಡೋರಿಗೋಸ್ಕರ. ನಾನು ಬದಲಾಯಿಸ್ತಿರೋದು ಮೇಲಿನ ಬಟ್ಟೆಯ ಹೊಲಿಗೆ, ಬೀಳಬಾರದು ಅಂತ. ತಲೆ ಮುಚ್ಚಿರುತ್ತೆ, ಮೈ ಮುಚ್ಚಿರುತ್ತೆ." ಅಮ್ಮಿ ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಭಾನುವಾರ ಹೊಲಿಗೆ ಯಂತ್ರದ ಮುಂದೆ ಕುಳಿತು, "ತೋಳು ಎಷ್ಟುದ್ದ ಬೇಕು? ವುಜೂ ಮಾಡುವಾಗ ಮಡಚೋಕೆ ಬರಬೇಕಲ್ಲ" ಎಂದು ಅಳತೆ ತೆಗೆದರು. ಜೇಬು ಕೂಡ ಇಟ್ಟರು. ಆ ಜೇಬಿನಲ್ಲಿ ಪೆನ್ ಡ್ರೈವ್ ಇರುತ್ತಿತ್ತು.

ವಾಣಿಜ್ಯದ ವಿದ್ಯಾರ್ಥಿನಿಯಾದ್ದರಿಂದ ಲೆಕ್ಕವನ್ನೂ ಕೊಡುತ್ತೇನೆ. ಚೌಕಿಪೇಟೆಯಲ್ಲಿ ತಂದ ಎರಡು ಕುರ್ತಾ ಬಟ್ಟೆಗೆ 550, ಎರಡು ಪ್ಯಾಂಟಿನ ಬಟ್ಟೆಗೆ 360, ಎರಡು ಹತ್ತಿಯ ಸ್ಕಾರ್ಫಿಗೆ 300, ಚಪ್ಪಲಿಗೆ 350. ಒಟ್ಟು 1,560 ರೂಪಾಯಿ. ನಾನು ಕೆಲಸ ಮಾಡಿದ್ದು 52 ದಿನ. ದಿನಕ್ಕೆ 30 ರೂಪಾಯಿ ಬಿತ್ತು. ಮೊದಲು ಇಷ್ಟೇ ಬರೆದಿದ್ದೆ. ಆಮೇಲೆ ಮೇಡಂ ಹೇಳಿಕೊಟ್ಟದ್ದು ನೆನಪಾಯಿತು, ಹಣ ಕೊಡದಿದ್ದರೂ ಖರ್ಚು ಖರ್ಚೇ. ಅಮ್ಮಿಯ ಹೊಲಿಗೆಯನ್ನು ಹೊರಗೆ ಮಾಡಿಸಿದ್ದರೆ ಎರಡು ಜೊತೆಗೆ 600 ಆಗುತ್ತಿತ್ತು. ಅದನ್ನೂ ಸೇರಿಸಿದರೆ 2,160, ದಿನಕ್ಕೆ ಸುಮಾರು 42 ರೂಪಾಯಿ. ಬಸ್ಸಿಗೆ ಮಾತ್ರ ಖರ್ಚಿರಲಿಲ್ಲ, ಶಕ್ತಿ ಯೋಜನೆ ಇತ್ತು. ಆ ಬಟ್ಟೆ ಇನ್ನೂ ಚೆನ್ನಾಗಿದೆ. ಮುಂದಿನ ರಜೆಗೂ ಬರುತ್ತದೆ. ಅದೇ ಈದ್ ಡ್ರೆಸ್ಸಿಗೆ ಎಷ್ಟಾಗಿತ್ತು ಎಂದು ಬರೆಯುವುದಿಲ್ಲ, ಅಬ್ಬಾ ಓದುತ್ತಾರೆ.

ಹುಡುಗರೇ, ಇದು ಹುಡುಗಿಯರ ವಿಷಯ ಎಂದು ಪುಟ ತಿರುಗಿಸಬೇಡಿ. ನಮ್ಮ ತರಗತಿಯ ಒಬ್ಬ ಇಂಟರ್‌ವ್ಯೂಗೆಂದು 2,800 ರೂಪಾಯಿ ಸಾಲ ಮಾಡಿ ಬ್ಲೇಜರ್ ತಂದ. ಕೆಲಸ ಗೋಡೌನಿನಲ್ಲಿ ಸ್ಟಾಕ್ ಎಣಿಸುವುದು. ಬ್ಲೇಜರ್ ಎರಡು ಸಲ ಮೈಮೇಲೆ ಬಂತು, ಒಂದು ಸಲಕ್ಕೆ 1,400 ರೂಪಾಯಿ. ಇನ್ನೊಬ್ಬನಿಗೆ ಗಡ್ಡ ತೆಗೆದು ಬಾ ಎಂದರಂತೆ. ಅವನು ಮನೆಯಲ್ಲೂ ಹೇಳಲಿಲ್ಲ, ನಮಗೂ ಹೇಳಲಿಲ್ಲ, ಒಬ್ಬನೇ ನುಂಗಿಕೊಂಡ. ಅಂದರೆ ಪ್ರಶ್ನೆ ನಿಮಗೂ ಇದೆ, ನೀವು ಮಾತಾಡುವುದಿಲ್ಲ ಅಷ್ಟೆ. ಹಯಾದ ಬಗ್ಗೆ ಭಾಷಣ ಬಂದಾಗಲೆಲ್ಲ ಎಲ್ಲರ ಕಣ್ಣು ಹುಡುಗಿಯರ ಸಾಲಿನ ಕಡೆ ಹೊರಳುತ್ತದೆ. ಆದರೆ ಸೂರಃ ನೂರ್‌ನಲ್ಲಿ ದೃಷ್ಟಿ ತಗ್ಗಿಸಲು ಹೇಳುವ 30ನೇ ವಚನ ಗಂಡಸರಿಗೆ. ಹೆಂಗಸರಿಗೆ ಹೇಳುವುದು ಅದರ ನಂತರದ 31ರಲ್ಲಿ. ಈ ಕ್ರಮವನ್ನು ನಾವು ತಿರುಗಾಮುರುಗಾ ಮಾಡಿಬಿಟ್ಟಿದ್ದೇವೆ.

ನಮ್ಮೊಳಗಿನ ಇನ್ನೊಂದು ಮಾತನ್ನೂ ಹೇಳಲೇಬೇಕು. ನನ್ನ ಇಬ್ಬರು ಗೆಳತಿಯರು ಇದೇ ರಜೆಯಲ್ಲಿ ದುಡಿದರು. ಒಬ್ಬಳು ಬಟ್ಟೆ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಸ್ಕಾರ್ಫ್ ತೆಗೆದು ಕುಳಿತಳು. ಅವಳ ಅಬ್ಬಾ ಇಲ್ಲ, ಅವಳ ಸಂಬಳದಲ್ಲಿ ಬಾಡಿಗೆ ಹೋಗಬೇಕು. ಇನ್ನೊಬ್ಬಳು ಮುಖವನ್ನೂ ಮುಚ್ಚುವವಳು, ಅವಳು ಯಾವ ಕಚೇರಿಗೂ ಹೋಗದೆ ಎರಡು ಅಂಗಡಿಗಳ ಬಿಲ್ ಮನೆಗೆ ತರಿಸಿಕೊಂಡು ಎಂಟ್ರಿ ಮಾಡಿದಳು. ಮೊದಲನೆಯವಳ ಬಗ್ಗೆ ನಮ್ಮದೇ ವರಾಂಡದಲ್ಲಿ ಏನೇನು ಮಾತಾಡಿದರು ಎಂದು ನನಗೆ ಗೊತ್ತು. ಎರಡನೆಯವಳನ್ನು "ಹಳೇ ಕಾಲದವಳು" ಎಂದು ನಕ್ಕವರೂ ಇದ್ದಾರೆ. ಕೆಲಸ ಕೊಡಬೇಕಾದವರು ನನ್ನನ್ನು ಬಟ್ಟೆ ನೋಡಿ ಅಳೆದಾಗ ನನಗೆ ನೋವಾಯಿತು. ಅದೇ ಅಳತೆಪಟ್ಟಿಯನ್ನು ನಾವು ಒಬ್ಬರ ಮೇಲೊಬ್ಬರು ಹಿಡಿದರೆ ಆ ಮ್ಯಾನೇಜರಿಗೂ ನಮಗೂ ಏನು ವ್ಯತ್ಯಾಸ? ನಾನು ಸ್ಕಾರ್ಫ್ ಬಿಡುವುದಿಲ್ಲ, ಅದು ನನ್ನ ಈಮಾನಿನ ಮಾತು. ಅವಳ ಮನೆಯ ಬಾಡಿಗೆಯನ್ನು ನಾನು ಕಟ್ಟುತ್ತಿಲ್ಲ, ಆದ್ದರಿಂದ ಅವಳ ಬಗ್ಗೆ ತೀರ್ಪು ಕೊಡುವ ಹಕ್ಕೂ ನನಗಿಲ್ಲ. ಅವಳಿಗೆ ಸ್ಕಾರ್ಫ್ ಹಾಕಿಕೊಂಡೇ ಮಾಡಬಹುದಾದ ಕೆಲಸ ಬೇಕಿದ್ದರೆ ಹುಡುಕಿಕೊಡಬಹುದು. ಅದು ನಮ್ಮ ಕೈಲಾಗುವ ಕೆಲಸ.

ಕೊನೆಗೆ ಕಾಲೇಜಿಗೆ ಮೂರು ಕೋರಿಕೆ.

ಒಂದು, ಕೆಲಸಕ್ಕೆ ಹೆಸರು ಕೇಳುವಾಗಲೇ ಆ ಕಚೇರಿಯಲ್ಲಿ ಬಟ್ಟೆಯ ನಿಯಮ ಏನು ಎಂದು ಕಾಲೇಜಿನ ಕಡೆಯಿಂದಲೇ ವಿಚಾರಿಸಿ. ಹದಿನೇಳು ವರ್ಷದ ಹುಡುಗಿ ಒಬ್ಬಳೇ ಮ್ಯಾನೇಜರ್ ಮುಂದೆ ಕುಳಿತು ಕೇಳುವುದಕ್ಕೂ, ಕಾಲೇಜಿನ ಉಪನ್ಯಾಸಕರು ಫೋನಿನಲ್ಲಿ ಕೇಳುವುದಕ್ಕೂ ತುಂಬಾ ವ್ಯತ್ಯಾಸವಿದೆ. ಕೇಳುವವರು ಇದ್ದಾರೆ ಎಂದು ಗೊತ್ತಾದರೆ ಕೆಲವರು ನಿಯಮವನ್ನೇ ಬದಲಿಸಿಯಾರು.

ಎರಡು, ಇಂಟರ್‌ವ್ಯೂ ತರಬೇತಿಯಲ್ಲಿ ಬಟ್ಟೆಗೆ ಅರ್ಧ ಗಂಟೆ ಕೊಡಿ. ಹುಡುಗರಿಗೂ ಹುಡುಗಿಯರಿಗೂ ಒಟ್ಟಿಗೇ. ಜರಿ ಬೇಡ, ಇಸ್ತ್ರಿ ಬೇಕು, ಸ್ಕಾರ್ಫಿನ ತುದಿಯನ್ನು ಒಳಗೆ ಪಿನ್ ಮಾಡಿ, ಗೋಡೌನಿಗೆ ಬ್ಲೇಜರ್ ಬೇಡ ಎಂಬಂಥ ಸಣ್ಣ ಮಾತುಗಳನ್ನು ನಮಗೆ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಕಚೇರಿಗೆ ಹೋದವರು ನಾವೇ ಮೊದಲು.

ಮೂರು, ಕಾಮನ್ ರೂಮಿನಲ್ಲಿ ಒಂದು ಬೀರು ಖಾಲಿ ಇದೆ. ಅದರಲ್ಲಿ ನಾಲ್ಕಾರು ಒಳ್ಳೆಯ ಕುರ್ತಾ, ಪ್ಯಾಂಟು, ಶರ್ಟು, ಒಂದೆರಡು ಬ್ಲೇಜರ್ ಇಟ್ಟು, ಲೈಬ್ರರಿ ಪುಸ್ತಕದ ಹಾಗೆ ಎರಡು ದಿನಕ್ಕೆ ಕೊಟ್ಟು ವಾಪಸ್ ಪಡೆಯಬಹುದು. ಒಗೆದು ಇಸ್ತ್ರಿ ಮಾಡಿ ಕೊಡುವುದು ತೆಗೆದುಕೊಂಡವರ ಜವಾಬ್ದಾರಿ. ಆ 2,800 ರೂಪಾಯಿಯ ಬ್ಲೇಜರನ್ನು ಮೊದಲು ಕೊಡಲು ಅದರ ಮಾಲೀಕ ಒಪ್ಪಿದ್ದಾನೆ. ರಿಜಿಸ್ಟರ್ ಬರೆಯಲು ನಾನು ತಯಾರು.

ಹಜ್ರತ್ ಖದೀಜಾ (ರ) ಮಕ್ಕಾದಲ್ಲಿ ವ್ಯಾಪಾರ ನಡೆಸಿದವರು ಎಂದು ನಾವು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ. ಅವರ ಹೆಸರು ಹೇಳಿ ಬೆಳೆಸಿದ ಹೆಣ್ಣುಮಕ್ಕಳು ಲೆಕ್ಕ ಬರೆಯಲು ಹೊರಟಾಗ, ದಾರಿಯಲ್ಲಿ ನಿಂತು "ಏನು ಹಾಕಿಕೊಂಡಿದ್ದೀಯ" ಎಂದು ಕೇಳುವವರು ಎರಡೂ ಕಡೆ ಇದ್ದಾರೆ. ಉತ್ತರವನ್ನು ನಾವು ಮನೆಯಿಂದ ಹೊರಡುವ ಮೊದಲೇ ಯೋಚಿಸಿಟ್ಟುಕೊಂಡಿದ್ದರೆ ಒಳ್ಳೆಯದು.

ಕೊನೆಯ ದಿನ ಸಂಬಳ ಕೊಡುವಾಗ ಸರ್, "ಪರೀಕ್ಷೆ ಮುಗಿದ ಮೇಲೆ ಮತ್ತೆ ಬಾ" ಎಂದರು. ಮನೆಗೆ ಬಂದು ಹೇಳಿದೆ. ಅಮ್ಮಿ ಈ ಸಲ ಕೇಳಿದ್ದು ಬೇರೆ ಪ್ರಶ್ನೆ: "ಸಂಬಳ ಜಾಸ್ತಿ ಕೊಡ್ತಾರಂತಾ?"

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ